ಗುಜರಿಗೆ ಹೋಗುವ ಮುಂಚೆ ಆ ಸೈಕಲ್ ನಮ್ಮ ಪಡಸಾಲೆಗೆ ಬರಲಿ

ಕಳೆದ ವರ್ಷ ದೀಪಾವಳಿಗೆ ಎಂಟು ದಿನ ಮುಂಚೆ ನಾವು ಸಂತೆ ಮೈದಾನದ ಹಿಂದಿನ ಗುಜರಿ ಅಂಗಡಿಗೆ ಹೋಗಿದ್ದು ಸೈಕಲ್ ಹುಡುಕಿಕೊಂಡಲ್ಲ. ಪಂಪ್‌ಸೆಟ್ಟಿನ ತಾಮ್ರದ ತಂತಿ ಕಳುವಾಗುತ್ತಿದೆ ಎಂದು ರೈತರು ದೂರಿದ್ದರು. ಅದರ ಜಾಡು ಹಿಡಿದು ಹೋಗಿದ್ದೆವು. ತಾಮ್ರದ ಸುದ್ದಿ ಸಿಗಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಹನ್ನೊಂದು ಸೈಕಲ್ ಕಂಡವು. ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ, ಮುಂದೆ ಒಂದೇ ನಮೂನೆಯ ಬುಟ್ಟಿ. ಎರಡರ ಹ್ಯಾಂಡಲ್ಲಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಕೂಡ ಇನ್ನೂ ಹಾಗೇ ಇತ್ತು.

ಯಾವ ಸೈಕಲ್ಲುಗಳು ಎಂದು ಕೇಳುವ ಅಗತ್ಯವಿರಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಟ್ಟವು ಅವು. ಅಂಗಡಿಯವನು ತಕ್ಕಡಿಗೆ ಹಾಕಿ, ₹450ಕ್ಕೆ ಒಂದನ್ನು ಕೊಟ್ಟ. ಅದನ್ನು ಬೈಕಿನ ಹಿಂದೆ ಅಡ್ಡ ಹಿಡಿದುಕೊಂಡು ಮನೆಗೆ ತಂದಾಗ ಪಕ್ಕದ ಮನೆಯ ಅಜ್ಜ, "ಏನ್ರೀ ಸರ, ಪೇಪರ್ ಬಿಟ್ಟು ಗುಜರಿ ಅಂಗಡಿ ಹಾಕೀರೇನು?" ಅಂದರು. ನಮ್ಮ ಪಡಸಾಲೆಯಲ್ಲಿ ಅದಾಗಲೇ ನಾಲ್ಕು ಸೈಕಲ್ ಬಿಚ್ಚಿ ಹರಡಿದ್ದವು. ಅಜ್ಜನ ಮಾತಿಗೆ ಉತ್ತರ ಇರಲಿಲ್ಲ.

ನಾವೆಂದರೆ ಮೂವರು. ಒಂದೇ ವರ್ಷ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದವರು, ಈಗ ಹಾವೇರಿ ಜಿಲ್ಲೆಯ ಮೂರು ತಾಲ್ಲೂಕುಗಳಿಂದ ಸುದ್ದಿ ಕಳಿಸುವವರು. ಪ್ರಕಟವಾದ ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಲೆಕ್ಕ. ಮೂವರಿಗೂ ಬೈಕಿದೆ, ಮೂವರ ಬೈಕಿಗೂ ಕಂತು ಬಾಕಿಯಿದೆ. ಭಾನುವಾರ ಮಧ್ಯಾಹ್ನ ಸೇರಿ ಹಳೇ ಸೈಕಲ್ ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮೂರು ವರ್ಷದಿಂದ ನಡೆದಿರುವ ಹವ್ಯಾಸ. ಈ ಹವ್ಯಾಸದ ಬಗ್ಗೆ ಎರಡು ಮಾತು ಹೇಳಬೇಕಿದೆ. ಒಂದು ಖುಷಿಯದು, ಒಂದು ತಪ್ಪೊಪ್ಪಿಗೆಯದು.

ಖುಷಿಯದು ಮೊದಲು.

ನಮಗೆ ಕೆಲಸ ಕಲಿಸಿದವರು ಬಸ್ ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪಿನ ಚಾಚಾ. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದವರು. ನಮ್ಮ ಓಣಿಯ ಅರ್ಧ ಹುಡುಗರು ಒಳಪೆಡ್ಲು ಹೊಡೆಯಲು ಕಲಿತಿದ್ದು ಅವರ ಸೈಕಲ್ಲಿನ ಮೇಲೆ. ಈಗ ಶಾಪು ಮುಚ್ಚಿದೆ. ಮಗ ಬೈಪಾಸಿನಲ್ಲಿ ಲಾರಿ, ಬೈಕುಗಳ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಚಾಚಾ ನಮ್ಮ ಪಡಸಾಲೆಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಕೈ ಹಚ್ಚುವುದಿಲ್ಲ. "ಸಾವಕಾಶ ಬಿಚ್ಚರಿ, ಅದು ಎಲ್ಲೂ ಓಡಿ ಹೋಗಂಗಿಲ್ಲ" ಎಂದಷ್ಟೇ ಹೇಳುತ್ತಾರೆ.

ಹಳೇ 28 ಇಂಚಿನ ಕರಿ ಸೈಕಲ್ ಬಿಚ್ಚಿ ನೋಡಿದವರಿಗೆ ಗೊತ್ತು, ಅದರಲ್ಲಿ ಗುಟ್ಟೆಂಬುದೇ ಇಲ್ಲ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಭಾರವೆಲ್ಲ ಹಿಂದೆ ಬೀಳುತ್ತದಲ್ಲ, ಅದಕ್ಕೆ. ಎಡಗಡೆಯ ಪೆಡಲಿನ ಮರೆ ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ತುಳಿಯುತ್ತ ತುಳಿಯುತ್ತ ತಾನಾಗಿ ಕಳಚಿಕೊಳ್ಳದಿರಲೆಂದು ಹಾಗೆ ಮಾಡಿದ್ದಾರೆ. ಇದು ಗೊತ್ತಿಲ್ಲದೆ ನಾವು ಮೊದಲ ಭಾನುವಾರ ಪಾನಾ ಹಾಕಿ ಎಡಕ್ಕೆ ಒತ್ತಿ ಒತ್ತಿ ಅರ್ಧ ದಿನ ಕಳೆದೆವು. ಚಾಚಾ ಚಹಾ ಕುಡಿಯುತ್ತ ನೋಡುತ್ತಿದ್ದರು.

ಹಿಂದಿನ ಹಬ್ಬಿನ ಬಾಲ್ಸು ಕಾಲಿಂಚಿನವು, ಮುಂದಿನವು ಅದಕ್ಕಿಂತ ಸಣ್ಣವು, 3/16 ಇಂಚು. ಬೆರೆಸಿದರೆ ಗಾಲಿ ಕುಂಟುತ್ತದೆ. ಚೈನು ಸವೆದಿದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಡ, ಶಾಲೆಯ ಸ್ಕೇಲು ಸಾಕು. ಹೊಸ ಚೈನಿನ 24 ಕಡಿ ಅಳೆದರೆ ಸರಿಯಾಗಿ 12 ಇಂಚು. ಅದಕ್ಕಿಂತ 1/8 ಇಂಚು ಹೆಚ್ಚಾಯಿತೆಂದರೆ ಆ ಚೈನು ಹಲ್ಲುಗಳನ್ನೂ ತಿನ್ನಲು ಶುರು ಮಾಡಿದೆ ಎಂದರ್ಥ. ಗಾಲಿಯ ಬೆಂಡು ತೆಗೆಯಲು ಬ್ರೇಕ್ ರಬ್ಬರೇ ಅಳತೆ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಗಾಲಿ ತಿರುಗಿಸಿ, ರಿಮ್ಮು ಎಲ್ಲಿ ರಬ್ಬರಿಗೆ ತಾಗುತ್ತದೋ ಅಲ್ಲಿ ಎದುರು ಬದಿಯ ಕಡ್ಡಿಯ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿ ಮಾಡಬೇಕು. ಕಾಲು ಸುತ್ತು ಮಾತ್ರ. ಅವಸರಪಟ್ಟು ಒಂದು ಸುತ್ತು ತಿರುಗಿಸಿದರೆ ಬೆಂಡು ಆ ಕಡೆಯಿಂದ ಈ ಕಡೆಗೆ ಬರುತ್ತದೆ.

ಅಪ್‌ಗ್ರೇಡ್ ಎಂದರೆ ನಮ್ಮ ಲೆಕ್ಕದಲ್ಲಿ ಬಣ್ಣದ ಲೈಟು ಹಚ್ಚುವುದಲ್ಲ. ಒಂದು ಉದಾಹರಣೆ ಕೊಡುತ್ತೇವೆ. ಪೆಡಲ್ ಇರುವ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಒಂದು ಸುತ್ತು ತುಳಿದಾಗ 28 ಇಂಚಿನ ಗಾಲಿ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಸಪಾಟು ರಸ್ತೆಗೆ ಬಹಳ ಚೆನ್ನ. ಆದರೆ ಕೆರೆ ಏರಿಯ ಏರು ಹತ್ತುವಾಗ, ಹಿಂದೆ ಹಾಲಿನ ಕ್ಯಾನು ಇದ್ದರೆ, ಇಳಿದು ತಳ್ಳಬೇಕಾಗುತ್ತದೆ. ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಿ. ಅದೇ ಒಂದು ಸುತ್ತಿಗೆ 4.4 ಮೀಟರ್. ಸ್ವಲ್ಪ ನಿಧಾನ, ಆದರೆ ಇಳಿಯದೆ ಏರು ಹತ್ತಬಹುದು. ನಮ್ಮೂರಿನ ಹಾಲು ಹಾಕುವ ಅಣ್ಣನೊಬ್ಬರಿಗೆ ಇದನ್ನು ಮಾಡಿಕೊಟ್ಟೆವು. ಮರುದಿನ ಬೆಳಿಗ್ಗೆ ಅರ್ಧ ಲೀಟರ್ ಹಾಲು ಪಡಸಾಲೆಯ ಕಟ್ಟೆ ಮೇಲಿತ್ತು. ನಾವು ಬರೆದ ಯಾವ ಸುದ್ದಿಗೂ ಅಂಥ ಉಡುಗೊರೆ ಬಂದಿಲ್ಲ.

ಇಷ್ಟು ಖುಷಿಯ ಮಾತು. ಇನ್ನು ತಪ್ಪೊಪ್ಪಿಗೆ.

ಕರ್ನಾಟಕದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಕೊರೊನಾ ಬಂದಾಗ ವಿತರಣೆ ನಿಂತಿತು. ವಿತರಣೆ ನಡೆದ ವರ್ಷಗಳಲ್ಲಿ ನಮ್ಮಂಥ ಸುದ್ದಿಗಾರರಿಗೆ ಅದೊಂದು ಹಬ್ಬ. ಶಾಸಕರು ಹ್ಯಾಂಡಲ್ ಹಿಡಿದಿರುತ್ತಾರೆ, ಪಕ್ಕದಲ್ಲಿ ಒಬ್ಬ ಹುಡುಗಿ, ಹಿಂದೆ ಎಸ್‌ಡಿಎಂಸಿ ಅಧ್ಯಕ್ಷರು, ಮುಖ್ಯೋಪಾಧ್ಯಾಯರು. ಅಂಥ ಫೋಟೊ ನಾವು ಎಷ್ಟು ಕಳಿಸಿದ್ದೇವೋ ಲೆಕ್ಕವಿಲ್ಲ. ಸೈಕಲ್ ತಡವಾದ ವರ್ಷ 'ಕೈ ಸೇರದ ಸೈಕಲ್' ಎಂದೂ ಬರೆದೆವು. ಆದರೆ ಕೊಟ್ಟ ಆರು ತಿಂಗಳಿಗೆ ಅದೇ ಊರಿಗೆ ಹೋಗಿ, ಆ ಸೈಕಲ್ ಈಗೆಲ್ಲಿದೆ, ತಿರುಗುತ್ತಿದೆಯೋ ಇಲ್ಲವೋ ಎಂದು ಮೂವರಲ್ಲಿ ಒಬ್ಬರೂ ಒಂದು ಸಲವೂ ಕೇಳಲಿಲ್ಲ. ಉತ್ತರ ಗುಜರಿ ಅಂಗಡಿಯ ಗೋಡೆಗೆ ಒರಗಿ ನಿಂತಿತ್ತು.

ತಂದ ಸೈಕಲ್ಲನ್ನು ಬಿಚ್ಚಿದಾಗ ಕಂಡದ್ದು ಇಷ್ಟು: ಎರಡೂ ಟ್ಯೂಬು ಹೋಗಿದ್ದವು, ಹಿಂದಿನ ಟೈರು ಬಿರುಕು ಬಿಟ್ಟಿತ್ತು, ಚೈನು ತುಕ್ಕು ಹಿಡಿದಿತ್ತು, ನಾಲ್ಕು ಕಡ್ಡಿ ಮುರಿದಿದ್ದವು, ಬ್ರೇಕ್ ರಬ್ಬರ್ ಇರಲಿಲ್ಲ. ಹಿಂದಿನ ಹಬ್ಬಿನೊಳಗೆ ಗ್ರೀಸು ಹಾಕಿದ ಗುರುತೇ ಇಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ತೊಳೆದು, ಹೊಸ ಸಾಮಾನು ಹಾಕಿ ಮುಗಿಸುವಾಗ ಖರ್ಚು ₹850. ಫ್ರೇಮು ಮಾತ್ರ ಗಟ್ಟಿ, ಇನ್ನೂ ಹತ್ತಾರು ವರ್ಷ ಬಾಳುವಂಥದ್ದು.

ಇವು ಯಾಕೆ ಗುಜರಿಗೆ ಬರುತ್ತವೆ ಎಂದು ಆಮೇಲೆ ಹಳ್ಳಿಗಳಲ್ಲಿ ಕೇಳುತ್ತ ಹೋದೆವು. ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲ ಪಂಕ್ಚರ್. ಊರಲ್ಲಿ ಸೈಕಲ್ ಶಾಪಿಲ್ಲ, ಇರುವುದು ಆರೇಳು ಕಿಲೋಮೀಟರ್ ದೂರದ ದೊಡ್ಡೂರಲ್ಲಿ. ಮಗಳು ತಳ್ಳಿಕೊಂಡು ಹೋಗಲಾರಳು. ಅಪ್ಪ ಒಂದು ದಿನದ ಕೂಲಿ ಬಿಡಲಾರ. ಇವತ್ತು, ನಾಳೆ ಎನ್ನುತ್ತ ಸೈಕಲ್ ದನದ ಕೊಟ್ಟಿಗೆ ಸೇರುತ್ತದೆ. ಗಾಳಿಯಿಲ್ಲದ ಟೈರಿನ ಮೇಲೆ ನಿಂತು ನಿಂತು ಟ್ಯೂಬು ಅಂಟಿಕೊಳ್ಳುತ್ತದೆ. ಒಂದು ತುಂಡು ಪ್ಯಾಚು, ಒಂದಿಷ್ಟು ಸಲ್ಯೂಷನ್ ಇಲ್ಲದೆ ಸಾವಿರಾರು ರೂಪಾಯಿಯ ಸೈಕಲ್ ಸಾಯುತ್ತದೆ. ಜೊತೆಗೆ ಇನ್ನೊಂದು. ಈ ಸೈಕಲ್ಲುಗಳು ಬಿಡಿ ಭಾಗಗಳಾಗಿ ಲಾರಿಯಲ್ಲಿ ಬಂದು ಶಾಲೆಯ ಮೈದಾನದಲ್ಲಿ ಜೋಡಣೆಯಾಗುತ್ತಿದ್ದುದನ್ನು ನಾವೇ ಕಂಡಿದ್ದೇವೆ. ಜೋಡಿಸುವ ಹುಡುಗರಿಗೆ ಸೈಕಲ್ಲಿಗಿಷ್ಟು ಎಂದು ಕೂಲಿ. ನಮಗೆ ಸುದ್ದಿಗಿಷ್ಟು ಎನ್ನುವ ಹಾಗೆಯೇ. ಲೆಕ್ಕ ಹೆಚ್ಚಿಸಲು ಅವರು ನಟ್ಟು ಬಿಡುತ್ತಾರೆ, ನಾವು ವಿವರ ಬಿಡುತ್ತೇವೆ.

ಸೈಕಲ್ ಸಣ್ಣ ವಿಷಯವಲ್ಲ. ಬಿಹಾರದಲ್ಲಿಯೂ 2006ರಲ್ಲೇ ಒಂಬತ್ತನೇ ತರಗತಿ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿಯಿತು ಎಂದು ತೋರಿಸಿದರು. ಅದಕ್ಕೂ ಮುಂಚೆ, 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರ ಸಾವಿರ ಹಳ್ಳಿ ಹೆಂಗಸರು ಸೈಕಲ್ ಕಲಿತರು. ಪಿ. ಸಾಯಿನಾಥ್ ಅದನ್ನು ವರದಿ ಮಾಡಿದರು. ನಾವೆಲ್ಲ ಗ್ರಾಮೀಣ ಪತ್ರಿಕೋದ್ಯಮ ಎಂದು ಅವರ ಹೆಸರು ಹೇಳಿಕೊಂಡೇ ಡಿಪ್ಲೊಮಾ ಮುಗಿಸಿದ್ದು. ಸೈಕಲ್ ಮಾತ್ರ ನಮಗೆ ಫೋಟೊ ಆಗಿಯೇ ಉಳಿಯಿತು.

ಆ ₹450ರ ಸೈಕಲ್ಲನ್ನು ಪಕ್ಕದ ಹಳ್ಳಿಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ಕೊಟ್ಟೆವು. ಹೈಸ್ಕೂಲ್ ಐದು ಕಿಲೋಮೀಟರ್ ದೂರ, ಸಂಜೆ ಶಾಲೆ ಬಿಡುವ ಹೊತ್ತಿಗೆ ಬಸ್ಸಿಲ್ಲ. ಫೋಟೊ ತೆಗೆಯಲಿಲ್ಲ, ಅಷ್ಟು ನಾಚಿಕೆ ನಮಗೆ ಬಂದಿತ್ತು. ಹದಿನೈದು ದಿನಕ್ಕೆ ಅವಳ ತಾಯಿ ಪಡಸಾಲೆಗೆ ಬಂದರು. ನಾವು ಕಾಟರ್ ಪಿನ್ನನ್ನು ಸರಿಯಾಗಿ ಬಡಿದು ಕೂರಿಸಿರಲಿಲ್ಲ. ಇಳಿಜಾರಿನಲ್ಲಿ ಪೆಡಲಿನ ಕೈ ಸಡಿಲಾಗಿ ಮಗಳು ಬಿದ್ದು ಮಂಡಿ ಕೆತ್ತಿಹೋಗಿತ್ತು. ಆ ತಾಯಿ ಕೂಗಾಡಲಿಲ್ಲ. "ಹವ್ಯಾಸ ನಿಮ್ಮದರಿ, ಮಂಡಿ ನನ್ನ ಮಗಳದು" ಅಂದರು.

ಚಾಚಾ ಅವತ್ತು ಮೊದಲ ಸಲ ಕುರ್ಚಿ ಬಿಟ್ಟು ಎದ್ದರು. ಪಿನ್ನು ತೆಗೆಸಿ, ಹೊಸದನ್ನು ಅರದಲ್ಲಿ ಉಜ್ಜಿ, ಬಡಿದು, ನಟ್ಟು ಬಿಗಿಸಿ, ಮತ್ತೆ ಬಡಿದು, ಮತ್ತೆ ಬಿಗಿಸಿ ತೋರಿಸಿದರು. ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಬೇಕು ಎಂದೂ ಹೇಳಿದರು. ಅಂದಿನಿಂದ ನಮ್ಮಲ್ಲೊಂದು ನಿಯಮ. ಸೈಕಲ್ ಒಯ್ಯುವವರು ಒಂದು ಭಾನುವಾರ ನಮ್ಮ ಜೊತೆ ಕೂತು ತಾವೇ ಪಂಕ್ಚರ್ ಹಾಕಬೇಕು, ಚೈನು ಎಳೆದು ಬಿಗಿಸಬೇಕು, ಯಾವ ನಟ್ಟು ಎಲ್ಲಿದೆ ಎಂದು ತೋರಿಸಬೇಕು. ಆಮೇಲೆಯೇ ಸೈಕಲ್ ಹೊಸಿಲು ದಾಟುವುದು. ಆ ಹುಡುಗಿ ಈಗ ದಾರಿಯಲ್ಲಿ ಗೆಳತಿಯರ ಸೈಕಲ್ಲಿಗೂ ಪ್ಯಾಚು ಹಾಕುತ್ತಾಳೆ. ಬುಟ್ಟಿಯಲ್ಲಿ ಪುಸ್ತಕದ ಜೊತೆ ಒಂದು ಪಂಪು ಇರುತ್ತದೆ.

"ನೀವೇ ರಿಪೇರಿ ಮಾಡಿಕೊಟ್ಟರೆ ಸರ್ಕಾರ ಆರಾಮಾಗಿ ಕೂರುತ್ತದೆ" ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಮಾತಿನಲ್ಲಿ ನ್ಯಾಯವಿದೆ. ಮೂರು ವರ್ಷದಲ್ಲಿ ನಾವು ಓಡುವಂತೆ ಮಾಡಿದ್ದು ಇಪ್ಪತ್ತಾರು ಸೈಕಲ್. ಒಂದು ತಾಲ್ಲೂಕಿನ ಮಕ್ಕಳ ಲೆಕ್ಕದಲ್ಲಿ ಅದು ಏನೂ ಅಲ್ಲ. ಹವ್ಯಾಸ ಯೋಜನೆಯ ಜಾಗ ತುಂಬುವುದಿಲ್ಲ. ಸೈಕಲ್ ಕೊಡುವುದು ಸರ್ಕಾರದ ಕೆಲಸವೇ, ಕೊಡಲಿ ಎಂದು ನಾವು ಬರೆಯುತ್ತಲೇ ಇರುತ್ತೇವೆ. ಆದರೆ ಬಿಚ್ಚಿ ನೋಡಿದ ಮೇಲೆ ನಮ್ಮ ಬೇಡಿಕೆ ಬದಲಾಗಿದೆ. ಬರೀ 'ಸೈಕಲ್ ಕೊಡಿ' ಎಂದರೆ ಸಾಲದು. ಪ್ರತಿ ಹೈಸ್ಕೂಲಿಗೆ ಪಾನಾ, ಕಡ್ಡಿ ಕೀಲಿ, ಪಂಪು, ಪ್ಯಾಚು ಇರುವ ಒಂದು ಪೆಟ್ಟಿಗೆ ಕೊಡಿ. ವಿತರಣೆಯ ದಿನದ ಭಾಷಣದಲ್ಲಿ ಅರ್ಧ ಕಡಿತ ಮಾಡಿ, ಊರಿನ ಹಳೇ ಸೈಕಲ್ ಮಿಸ್ತ್ರಿಗೆ ಸಂಬಳ ಕೊಟ್ಟು ಕರೆಸಿ ಮಕ್ಕಳಿಗೆ ಪಂಕ್ಚರ್ ಹಾಕುವುದನ್ನು ಕಲಿಸಿ. ವರ್ಷಕ್ಕೊಮ್ಮೆ ಶಾಲೆಯಲ್ಲೇ ಓವರಾಯಿಲ್ ಮಾಡಿಸಿ. ನಮ್ಮ ಚಾಚಾನಂಥವರು ಪ್ರತಿ ತಾಲ್ಲೂಕಿನಲ್ಲಿ ಇನ್ನೂ ನಾಲ್ಕಾರು ಮಂದಿ ಇದ್ದಾರೆ. ಹತ್ತು ವರ್ಷ ಬಿಟ್ಟರೆ ಇರುವುದಿಲ್ಲ.

ಹವ್ಯಾಸ ಎಂದರೆ ದುಡ್ಡಿದ್ದವರ ಚಟ ಎಂಬ ಭಾವನೆ ನಮ್ಮ ಕಡೆ ಇದೆ. ಪಟ್ಟಣದಲ್ಲಿ ಹಳೇ ಸೈಕಲ್ಲಿಗೆ ಹೊಳೆಯುವ ಬಣ್ಣ ಹೊಡೆದು ಹೋಟೆಲ್ ಗೋಡೆಗೆ ನೇತುಹಾಕುವುದನ್ನೂ ನೋಡಿದ್ದೇವೆ. ಅವರ ಖುಷಿ ಅವರದು. ನಮಗೆ ಗೋಡೆಯ ಮೇಲಿನ ಸೈಕಲ್ ಕಂಡರೆ ಕೊಟ್ಟಿಗೆಯ ಸೈಕಲ್ ನೆನಪಾಗುತ್ತದೆ, ಎರಡೂ ನಿಂತಿವೆ. 1951ರಲ್ಲಿ ಶುರುವಾಗಿ ಮನೆ ಮನೆಗೆ ಸೈಕಲ್ ಕೊಟ್ಟ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ ಕೆಲಸ ನಿಲ್ಲಿಸಿತು. ಅಲ್ಲಿ ತಯಾರಾದ ಸೈಕಲ್ಲೊಂದು ನಿಮ್ಮ ಮನೆಯ ಅಟ್ಟದ ಮೇಲೋ ಹಿತ್ತಿಲಲ್ಲೋ ಇರಬಹುದು. ಇಳಿಸಿ ನೋಡಿ. ಫ್ರೇಮು ಗಟ್ಟಿಯಿದ್ದರೆ ಉಳಿದದ್ದೆಲ್ಲ ಪೇಟೆಯಲ್ಲಿ ಸಿಗುತ್ತದೆ.

ನಮ್ಮ ಹಾಗೆ ಸುದ್ದಿ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ತಾಲ್ಲೂಕಿನ ಗುಜರಿ ಅಂಗಡಿಗೆ ಒಮ್ಮೆ ಹೋಗಿ, ಅಲ್ಲಿರುವ ಶಾಲೆ ಸೈಕಲ್ ಎಣಿಸಿ, ಬಂದ ಊರುಗಳ ಹೆಸರು ಕೇಳಿ, ಆ ಊರುಗಳಿಗೆ ಹೋಗಿ. ನಾವು ಉಳಿದ ಹತ್ತು ಸೈಕಲ್ ತರಲು ಮುಂದಿನ ಸಂತೆಯ ದಿನ ಹೋದಾಗ ಮೂರೇ ಇದ್ದವು. ಏಳು ಅಷ್ಟರಲ್ಲಿ ಲಾರಿ ಹತ್ತಿದ್ದವು. ಆ ಮೂರರಲ್ಲಿ ಎರಡು ಈಗ ರಸ್ತೆಯಲ್ಲಿವೆ. ಒಂದು ಪಡಸಾಲೆಯಲ್ಲಿ ತಲೆಕೆಳಗಾಗಿ ನಿಂತಿದೆ, ಹಿಂದಿನ ಗಾಲಿಯ ಬೆಂಡು ಇನ್ನೂ ಪೂರ್ತಿ ಹೋಗಿಲ್ಲ. ಈ ಭಾನುವಾರ ಮತ್ತೆ ಕಾಲು ಸುತ್ತು ತಿರುಗಿಸಿ ನೋಡಬೇಕು.