ಮದುವೆ ಯಾವಾಗಮ್ಮ?

ಬಿ.ಕಾಂ. ಮುಗಿಸಿ, ಫೈಲು ಹಿಡಿದು ಲೆಕ್ಕ ಬರೆಯುವ ಕೆಲಸದ ಸಂದರ್ಶನಕ್ಕೆ ಹೋದ ಹುಡುಗಿಗೆ ಎಷ್ಟೋ ಕಡೆ ಲೆಕ್ಕದ ಪ್ರಶ್ನೆಯೇ ಇಲ್ಲ. 'ಮದುವೆ ಯಾವಾಗಮ್ಮ? ಆಮೇಲೆ ಕೆಲಸ ಬಿಟ್ಟು ಹೋಗ್ತೀಯೇನು?' ಪಕ್ಕದ ಬೆಂಚಿನ ಹುಡುಗನಿಗೆ ಈ ಮಾತು ಯಾರೂ ಕೇಳೋದಿಲ್ಲ. (ಅವನಿಗೂ ಮದುವೆ ಆಗ್ತದಲ್ಲ!) ನೇಮಕದಲ್ಲಿ ಹೆಣ್ಣೆಂದು ಭೇದ ಮಾಡಕೂಡದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಆದರೆ ಅಲ್ಲಿ ಕೂತು ಕಾಯ್ದೆ ಓದಿದವಳಿಗೆ ಕೆಲಸ ಸಿಕ್ಕೀತೇ? ಸಿಡುಕದೆ, ತಲೆ ತಗ್ಗಿಸದೆ, 'ಕೆಲಸ ಮಾಡಬೇಕಂತಲೇ ಬಂದಿದ್ದೀನಿ ಸಾರ್, ಟ್ಯಾಲಿ ಬರುತ್ತೆ, ಬೇಕಾದ್ರೆ ಈಗಲೇ ನೋಡಿ' ಅಂತ ಮಾತನ್ನು ಕೆಲಸದ ಕಡೆಗೆ ತಿರುಗಿಸುವುದೇ ಜಾಣತನ. ಮದುವೆಯೇ ಆಗೋದಿಲ್ಲ ಅಂತ ಸುಳ್ಳು ಮಾತ್ರ ಬೇಡ. ಇನ್ನು ಮಾಲೀಕರು, ಹೇಳದೆ ಕೇಳದೆ ಬಿಟ್ಟು ಹೋದ ಗಂಡುಮಕ್ಕಳೆಷ್ಟು ಅಂತ ತಮ್ಮ ಹಾಜರಿ ಪುಸ್ತಕವನ್ನೇ ಒಮ್ಮೆ ತೆಗೆದು ನೋಡಲಿ.