ಶ್ರೀಮಂಗಲದ ನೆಲದಡಿಯ ಎಲ್ಲೆಗಳು

2022ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಕೊಡಗು ಹಾಗೂ ದಕ್ಷಿಣ ಕನ್ನಡದ ಗಡಿಯಲ್ಲಿ, ಚೆಂಬು, ಸಂಪಾಜೆ, ಸುಳ್ಯಗಳ ಕಡೆ, ನೆಲವು ಹಲವು ಬಾರಿ ಲಘುವಾಗಿ ಕಂಪಿಸಿತು. ಅಂತಹ ಸುದ್ದಿ ಕೇಳಿದಾಗ ಶ್ರೀಮಂಗಲದಂತಹ ದಕ್ಷಿಣ ಕೊಡಗಿನ ಊರುಗಳವರಿಗೂ ತಮ್ಮ ಕಾಲ ಕೆಳಗಿನ ಭೂಮಿಯ ಬಗೆಗೆ ಶಂಕೆ ಮೂಡುವುದು ಸಹಜವೇ. ಅದರ ಮೇಲೆ, ಭೂಖಂಡದ ಶಿಲಾವರಣದೊಳಗೆ ‘ವಿಚ್ಛಿನ್ನತೆ’ಗಳಿವೆಯೆಂದು ವಿಜ್ಞಾನಿಗಳು ಬರೆದುದನ್ನು ಓದಿದರೆ, ನೆಲವು ಒಳಗೊಳಗೇ ಸೀಳಿದೆಯೆಂದು ಭಾವಿಸುವವರೂ ಉಂಟು. ಆ ಪದವು ಅನಾವಶ್ಯಕವಾಗಿ ಹೆದರಿಸುತ್ತದೆ. ಆದುದರಿಂದ ನಾವಿಲ್ಲಿ ಅದನ್ನು ‘ಎಲ್ಲೆ’ ಎಂದೇ ಕರೆಯುತ್ತೇವೆ.

ಗಡಿಗೆ ಕೊಳ್ಳುವ ತಾಯಂದಿರು ಅದನ್ನು ಬೆರಳಿನಿಂದ ಬಡಿದು ನಾದ ಕೇಳುತ್ತಾರಷ್ಟೆ. ಭೂಮಿಯ ಒಳಗನ್ನು ಅರಿಯುವ ಬಗೆಯೂ ಅದೇ. ಬಡಿಯುವ ಕೆಲಸವನ್ನು ದೂರದ ಭೂಕಂಪಗಳು ಮಾಡುತ್ತವೆ. ಕಂಪನದ ತರಂಗಗಳು ಒಂದು ಬಗೆಯ ಶಿಲೆಯಿಂದ ಇನ್ನೊಂದಕ್ಕೆ ದಾಟುವಾಗ ಅವುಗಳ ವೇಗ ಬದಲಾಗುತ್ತದೆ. ಒಂದಂಶ ರೂಪಾಂತರ ಹೊಂದಿ ಕೆಲವು ಕ್ಷಣ ತಡವಾಗಿ ಮಾಪಕವನ್ನು ಮುಟ್ಟುತ್ತದೆ. ಆ ತಡದಿಂದ ಎಲ್ಲೆಯ ಆಳವನ್ನು ಲೆಕ್ಕ ಹಾಕುತ್ತಾರೆ. 1909ರಲ್ಲಿ ಜಾಗ್ರೆಬ್ ಬಳಿಯ ಭೂಕಂಪದ ದಾಖಲೆಗಳನ್ನು ಪರಿಶೀಲಿಸಿ ಮೊಹೊರೊವಿಚಿಚ್ ಎಂಬ ವಿದ್ವಾಂಸರು ಭೂಚಿಪ್ಪಿನ ತಳವನ್ನು ಗುರುತಿಸಿದುದು ತರಂಗಗಳ ಈ ವೇಗಭೇದದಿಂದಲೇ.

ನಮ್ಮ ನಾಡಿಗೂ ಈ ವಿದ್ಯೆಯಲ್ಲಿ ಹಿರಿಮೆಯುಂಟು. ಗೌರಿಬಿದನೂರಿನ ಭೂಕಂಪ ಮಾಪಕಗಳ ಸಾಲು 1960ರ ದಶಕದ್ದು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೂ, ಸಿಡಿಮದ್ದು ಸ್ಫೋಟಿಸಿ ಅದರ ಮಾರ್ದನಿಯನ್ನು ದಾಖಲಿಸಿದರು. ಪಶ್ಚಿಮ ಕರ್ನಾಟಕದ ಅನೇಕ ಕಡೆ ಚಿಪ್ಪಿನ ದಪ್ಪ 40ರಿಂದ 50 ಕಿಲೋಮೀಟರ್‌ಗಳಷ್ಟೆಂದು ಇಂತಹ ಅಧ್ಯಯನಗಳಿಂದ ತಿಳಿದಿದೆ. ಕೊಡಗಿನ ಶಿಲೆಗಳೋ 300 ಕೋಟಿ ವರ್ಷಗಳಿಗೂ ಹಳೆಯವು.

ಅದಕ್ಕೂ ಕೆಳಗೆ, ಪುರಾತನ ಭೂಖಂಡಗಳ ಅಡಿಯಲ್ಲಿ ಸರಿಸುಮಾರು 80ರಿಂದ 100 ಕಿಲೋಮೀಟರ್ ಆಳದಲ್ಲಿ, ತರಂಗಗಳು ತುಸು ನಿಧಾನವಾಗುವ ಇನ್ನೊಂದು ಎಲ್ಲೆಯು ಜಗತ್ತಿನ ಹಲವೆಡೆ ಕಂಡುಬಂದಿದೆ. ಶಿಲಾವರಣದ ತಳ ಇನ್ನೂ ಬಹು ಕೆಳಗಿರುವಾಗ ನಡುವೆಯೇ ಈ ಬದಲಾವಣೆ ಏಕೆ? ಇಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಳಗಿನಿಂದ ಏರಿಬಂದ ಶಿಲಾದ್ರವವು ಅಲ್ಲಿ ಹೆಪ್ಪುಗಟ್ಟಿ, ನೀರಿನಂಶ ಹಿಡಿದ ಅಭ್ರಕದಂತಹ ಖನಿಜಗಳನ್ನು ಉಳಿಸಿತೆಂಬುದು ಒಂದು ಮತ. ಖನಿಜಕಣಗಳು ಮಲಗಿರುವ ದಿಕ್ಕು ಆ ಮಟ್ಟದಲ್ಲಿ ಬದಲಾಗಿದೆಯೆಂಬುದು ಮತ್ತೊಂದು. ಬಿಸಿಗೆ ಕಣಗಳು ತಮ್ಮ ಅಂಚುಗಳಲ್ಲಿ ಸೂಕ್ಷ್ಮವಾಗಿ ಜಾರುವುದರಿಂದಲೇ ತರಂಗದ ವೇಗ ತಗ್ಗುವುದೆಂದು ಹೇಳುವವರೂ ಇದ್ದಾರೆ. ಎಲ್ಲ ಭೂಖಂಡಗಳಿಗೂ ಒಂದೇ ಕಾರಣ ಹುಡುಕುವುದು ನಮಗೇನೋ ಉಚಿತವೆನಿಸದು. ಒಂದೊಂದು ನೆಲದ ಚರಿತ್ರೆ ಒಂದೊಂದು.

ಯಾವ ಮತ ಗೆದ್ದರೂ ಈ ಎಲ್ಲೆಗಳು ಬಾಯ್ದೆರೆದ ಬಿರುಕುಗಳಲ್ಲ. ಮೇಲೂ ಶಿಲೆ, ಕೆಳಗೂ ಶಿಲೆ. ಹಾಗೆಂದು ಹಳೆಯ ನೆಲ ಎಂದಿಗೂ ಅಲುಗದೆಂದು ಯಾರೂ ಭರವಸೆ ಕೊಡಲಾರರು. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಸಾವಿರಾರು ಜೀವಗಳನ್ನು ಬಲಿಗೊಂಡ ಕಂಪನವೂ ಇಂತಹ ಸ್ಥಿರವೆನಿಸಿದ ಭೂಭಾಗದಲ್ಲೇ ಹುಟ್ಟಿತು. ಆದರೆ ಅದು ಹುಟ್ಟಿದುದು ಚಿಪ್ಪಿನ ಮೇಲ್ಭಾಗದ ಸ್ತರಭಂಗದಲ್ಲಿ, ಮೇಲ್ಮೈಗೆ ತೀರ ಸಮೀಪದಲ್ಲಿ. ಅಲ್ಲಿ ಬಹು ಮಂದಿ ಸತ್ತದ್ದು ಮಣ್ಣಿನ ಗಾರೆಯಲ್ಲಿ ಕಲ್ಲು ಪೇರಿಸಿ ಕಟ್ಟಿದ ಭಾರವಾದ ಮನೆಗಳು ಕುಸಿದುದರಿಂದ.

ಕೊಡಗಿನವರು ಇತ್ತೀಚಿನ ವರ್ಷಗಳಲ್ಲಿ ಅನುಭವಿಸಿದ ದೊಡ್ಡ ಸಂಕಟಗಳಂತೂ ಇನ್ನೂ ಮೇಲಿನವು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಲೂ, ಮರುವರ್ಷ ಅದೇ ತಿಂಗಳು ವಿರಾಜಪೇಟೆ ಸಮೀಪದ ತೋರದಲ್ಲಿಯೂ, ಎಡೆಬಿಡದ ಮಳೆಗೆ ನೆನೆದ ಇಳಿಜಾರಿನ ಮಣ್ಣೇ ಜಾರಿ ಮನೆಗಳ ಮೇಲೆ ಬಂದಿತು.