ನಿಧಾನಗತಿಯ ಎಚ್ಚರ

ಭದ್ರಾವತಿಯ ಜನ್ನಾಪುರದಲ್ಲಿ ಜನ ಕೆಲಸಕ್ಕೆ, ಶಾಲೆಗೆ ಹೊರಡುವ ಹೊತ್ತಿನ ದಟ್ಟಣೆಯಲ್ಲಿ ಸ್ಪೋರ್ಟ್ಸ್ ಬೈಕಿನ ಸವಾರನಿಗೆ ವೇಗಕ್ಕಿಂತ ನಿಧಾನವೇ ಕಠಿಣ. ಮುಂದಕ್ಕೆ ಬಾಗಿದ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ. ಹ್ಯಾಂಡಲ್ ಹೆಚ್ಚು ತಿರುಗದು. ಮೊದಲ ಗೇರಿನಲ್ಲಿಯೂ ವಾಹನ ಮುನ್ನುಗ್ಗುತ್ತದೆ. ತಿರುವಿನಲ್ಲಿ ಮುಂದಿನ ಬ್ರೇಕನ್ನು ಥಟ್ಟನೆ ಹಿಡಿದರೆ ಉರುಳಿಬೀಳುವ ಅಪಾಯ. ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಮೃದುವಾಗಿ ಒತ್ತಿ, ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿ, ತೋಳುಗಳನ್ನು ಸಡಿಲಬಿಟ್ಟು ಸಾಗಬೇಕು.

ಮುನಿಗಳು ಪಾಲಿಸುವ ಪಂಚಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ: ನಾಲ್ಕು ಹಸ್ತ ಮುಂದಿನ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ನಡೆಯುವುದು. ಸವಾರನಿಗೆ ನಾಲ್ಕು ಹಸ್ತ ಸಾಲದು. ಮುಂಚಕ್ರವನ್ನೇ ನೋಡುವವನು ತೂಕ ತಪ್ಪುತ್ತಾನೆ. ದೃಷ್ಟಿಯ ದೂರ ಬೇರೆಯಾದರೂ ಅದರ ಹಿಂದಿನ ಅಪ್ರಮಾದ ಒಂದೇ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮೊದಲಿಗೆ ಇಟ್ಟಿದ್ದಾರೆ. ಹೀಗಿರುವಾಗ, ರಸ್ತೆ ದಾಟುವ ವೃದ್ಧೆಯ ಬೆನ್ನ ಹಿಂದೆ ಎಂಜಿನ್ನನ್ನು ಗರ್ಜಿಸುವವನು 'ಯಾರಿಗೂ ತಾಗಲಿಲ್ಲವಲ್ಲ' ಎಂದು ನಿರಾಳನಾಗುವುದು ಹೇಗೆ? ಆ ಗರ್ಜನೆಯಲ್ಲಿ ಮಾನಕಷಾಯವೂ ಬೆರೆತಿರುತ್ತದೆ. ಗೃಹಸ್ಥನಿಗೆ ಮುನಿಯ ಮಹಾವ್ರತವಿಲ್ಲ, ನಿಜ, ಅಣುವ್ರತವಂತೂ ಇದೆ. ಆಕೆ ದಾಟುವವರೆಗೆ ಕಾಲೂರಿ ನಿಲ್ಲಲು ಬೇಕಾಗುವುದು ಕೆಲವೇ ಕ್ಷಣ.